ಬಸ್ಸು ಗುಜರಿಗೆ ಹೋದರೂ ಬೋರ್ಡು ಉಳಿಯಲಿ

ಬಸ್ಸು ದೂರದಲ್ಲಿ ಬರುತ್ತಿರುವಾಗಲೇ ನಮ್ಮ ಕಣ್ಣು ಅದರ ಹಣೆಯ ಮೇಲಿನ ಬೋರ್ಡಿಗೆ ಹೋಗುತ್ತದೆ. ‘ವಿದ್ಯಾರಣ್ಯಪುರಂ’ ಎಂದಿದ್ದರೆ ಹತ್ತುತ್ತೇವೆ, ಇಲ್ಲದಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತೇವೆ. ಹತ್ತಿ ಕುಳಿತ ಮೇಲೆ ಆ ಬೋರ್ಡನ್ನು ಮರೆತುಬಿಡುತ್ತೇವೆ. ಆದರೆ ಹಳೆಯ ನಾಣ್ಯ, ಅಂಚೆಚೀಟಿಗಳಂತೆ ಬಸ್ಸಿನ ಬೋರ್ಡುಗಳನ್ನೂ ಸಂಗ್ರಹಿಸುವವರಿದ್ದಾರೆ.

ಲಂಡನ್ನಿನಲ್ಲಿ ಈ ಹವ್ಯಾಸ ಚೆನ್ನಾಗಿ ಬೇರೂರಿದೆ. ಅಲ್ಲಿನ ಕೆಂಪು ಬಸ್ಸುಗಳಲ್ಲಿ ಉದ್ದನೆಯ ಬಟ್ಟೆಯ ಮೇಲೆ ಸ್ಥಳಗಳ ಹೆಸರನ್ನು ಒಂದರ ಕೆಳಗೊಂದರಂತೆ ಮುದ್ರಿಸಿ, ಎರಡು ಉರುಳೆಗಳಿಗೆ ಸುತ್ತಿ, ಗಾಜಿನ ಹಿಂದೆ ಕೂರಿಸುತ್ತಿದ್ದರು. ಹಿಡಿಯನ್ನು ತಿರುಗಿಸಿದರೆ ಬೇಕಾದ ಹೆಸರು ಎದುರಿಗೆ ಬರುತ್ತಿತ್ತು. 2005ರ ಡಿಸೆಂಬರ್‌ನಲ್ಲಿ ಪ್ರಸಿದ್ಧ ರೂಟ್‌ಮಾಸ್ಟರ್ ಬಸ್ಸುಗಳು ದಿನನಿತ್ಯದ ಸಂಚಾರ ನಿಲ್ಲಿಸಿದವು. ಇಂಥ ಬಸ್ಸುಗಳ ಸುರುಳಿಗಳನ್ನು ಕೆಲವರು ತುಂಡು ಮಾಡಿ ಚೌಕಟ್ಟು ಹಾಕಿಸುತ್ತಾರೆ. ತಿಳಿದವರು ಮಾತ್ರ ಇಡೀ ಸುರುಳಿಯನ್ನೇ ಕಾಪಾಡುತ್ತಾರೆ. ಏಕೆಂದರೆ ಒಂದು ಡಿಪೋದ ಬಸ್ಸುಗಳು ಎಲ್ಲೆಲ್ಲಿಗೆ ಓಡುತ್ತಿದ್ದವು ಎಂಬುದು ಇಡೀ ಸುರುಳಿಯಿಂದ ಮಾತ್ರ ತಿಳಿಯುತ್ತದೆ.

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿದ್ದದ್ದು ತಗಡು ಅಥವಾ ಹಲಗೆಯ ಬೋರ್ಡು. ಪೇಂಟರ್ ಕುಂಚದಿಂದ ಬರೆದ ಅಕ್ಷರಗಳನ್ನು ಕಂಡಕ್ಟರ್ ಮುಂದಿನ ಗಾಜಿನ ಬಳಿ ಸಿಕ್ಕಿಸುತ್ತಿದ್ದರು. ಆಮೇಲೆ ಸ್ಟಿಕ್ಕರ್ ಬಂತು, ಈಗ ಎಲ್‌ಇಡಿ ದೀಪದ ಬೋರ್ಡು ಬಂದಿದೆ. ದೀಪದ ಬೋರ್ಡು ರಾತ್ರಿಯೂ ಸ್ಪಷ್ಟವಾಗಿ ಕಾಣುತ್ತದೆ, ಗುಂಡಿ ಒತ್ತಿದರೆ ಹೆಸರು ಬದಲಾಗುತ್ತದೆ. ಪ್ರಯಾಣಿಕರಿಗೆ ಅದು ಅನುಕೂಲವೇ. ಆದರೆ ಹೆಸರು ಆರಿದ ಮೇಲೆ ಕೈಯಲ್ಲಿ ಹಿಡಿದು ನೋಡಲು ಏನೂ ಉಳಿಯುವುದಿಲ್ಲ.

ಹಳೆಯ ಬೋರ್ಡನ್ನು ಓದುವುದೂ ಒಂದು ವಿದ್ಯೆ. ನಮ್ಮ ಸರ್ಕಾರಿ ಬಸ್ಸು ಸೇವೆ ‘ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ’ ಎಂಬ ಹೆಸರಿನಲ್ಲಿ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಆರಂಭವಾಯಿತು. 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಆದ್ದರಿಂದ ಬೋರ್ಡಿನ ಅಂಚಿನಲ್ಲಿ ಸಂಸ್ಥೆಯ ಹೆಸರಿದ್ದರೆ ಅದರ ಕಾಲವನ್ನು ಅಂದಾಜು ಮಾಡಬಹುದು. ಇಂಗ್ಲಿಷ್ ಅಕ್ಷರಗಳಲ್ಲಿ ‘ಮೈಸೋರ್’ ಎಂದಿದೆಯೋ ‘ಮೈಸೂರು’ ಎಂದಿದೆಯೋ ಎಂಬುದೂ ಒಂದು ಸುಳಿವು. ಎರಡನೆಯ ಕಾಗುಣಿತ ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಆದರೂ ಹೆಸರು ಬದಲಾದ ದಿನವೇ ಎಲ್ಲ ಬೋರ್ಡುಗಳೂ ಬದಲಾಗುವುದಿಲ್ಲ. ಆದ್ದರಿಂದ ಒಂದೇ ಸುಳಿವನ್ನು ನಂಬಿ ತೀರ್ಮಾನಕ್ಕೆ ಬರಬಾರದು.

ಪ್ರವಾಸಿ ಬಸ್ಸುಗಳ ಬೋರ್ಡು ಇನ್ನೊಂದು ಕಥೆ ಹೇಳುತ್ತದೆ. ಚಾಮುಂಡಿ ಬೆಟ್ಟ, ಅರಮನೆ, ಮೃಗಾಲಯ, ಶ್ರೀರಂಗಪಟ್ಟಣ, ಬೃಂದಾವನ ಎಂದು ಸಾಲಾಗಿ ಬರೆದಿದ್ದರೆ, ಹೊರಗಿನಿಂದ ಬಂದವರಿಗೆ ಮೈಸೂರನ್ನು ಹೇಗೆ ತೋರಿಸುತ್ತಿದ್ದರು ಎಂಬುದು ಅದರಿಂದಲೇ ಗೊತ್ತಾಗುತ್ತದೆ. ಮುಂಬೈಯಲ್ಲಿ ಮೇಲ್ಛಾವಣಿಯಿಲ್ಲದ ‘ನೀಲಾಂಬರಿ’ ಎಂಬ ಎರಡಂತಸ್ತಿನ ಪ್ರವಾಸಿ ಬಸ್ಸು 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಮರೆಯಾಯಿತು. ನಮ್ಮೂರಿನ ‘ಅಂಬಾರಿ’ ಬಸ್ಸು 2021ರಲ್ಲಿ ಓಡಲಾರಂಭಿಸಿತು. ಅದಕ್ಕೂ ಒಂದು ದಿನ ವಯಸ್ಸಾಗುತ್ತದೆ.

ಈ ವಿಷಯಕ್ಕೆ ಈಗ ಅವಸರ ಏಕೆ? 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಗಬೇಕೆಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸಾರಿಗೆ ನಿಗಮಗಳ ಬಸ್ಸುಗಳಿಗೂ ಅದು ಅನ್ವಯಿಸುತ್ತದೆ. ಹೊಗೆ ಮತ್ತು ಅಪಘಾತ ಕಡಿಮೆಯಾಗಲು ಇದು ಒಳ್ಳೆಯದೇ. ಆದರೆ ಬಸ್ಸನ್ನು ಒಡೆಯುವಾಗ ಬೋರ್ಡಿಗೂ ತಗಡಿನ ತೂಕದ ಬೆಲೆಯಷ್ಟೇ. ಕೆ.ಆರ್.ಎಸ್. ರಸ್ತೆಯ ರೈಲು ವಸ್ತುಸಂಗ್ರಹಾಲಯ 1979ರಲ್ಲಿ ಆರಂಭವಾದದ್ದರಿಂದ ಹಳೆಯ ಎಂಜಿನ್, ಬೋಗಿಗಳನ್ನು ನಾವು ಇಂದೂ ಮುಟ್ಟಿ ನೋಡಬಹುದು. ಬಸ್ಸಿನ ಬೋರ್ಡಿಗೂ ಅಂಥ ಕಾಳಜಿ ಬೇಕು.

ಸಂಗ್ರಹಿಸಬೇಕೆಂಬ ಆಸೆ ಇರುವವರು ಮೊದಲು ನೆನಪಿಡಬೇಕಾದ ಮಾತು: ಓಡುತ್ತಿರುವ ಬಸ್ಸಿನಿಂದಾಗಲಿ, ಡಿಪೋದಲ್ಲಿ ನಿಂತ ಬಸ್ಸಿನಿಂದಾಗಲಿ ಬೋರ್ಡು ಕೀಳುವುದು ಕಳ್ಳತನ. ಹರಾಜಿನಲ್ಲಿ ಬಸ್ಸು ಕೊಂಡವರಿಂದಲೋ ಗುಜರಿ ಅಂಗಡಿಯಿಂದಲೋ ಹಣ ಕೊಟ್ಟು, ಸಾಧ್ಯವಾದರೆ ರಸೀದಿಯೊಂದಿಗೆ ಪಡೆಯಬೇಕು. ಬೋರ್ಡು ಸಿಕ್ಕ ದಿನವೇ ಒಂದು ಚೀಟಿಯಲ್ಲಿ ಬಸ್ಸಿನ ನಂಬರು, ಡಿಪೋ, ಮಾರ್ಗ, ಯಾರಿಂದ ಬಂತು ಎಂಬುದನ್ನು ಬರೆದಿಡಬೇಕು. ಈ ಚೀಟಿ ಇಲ್ಲದ ಬೋರ್ಡು ಗೋಡೆಗೆ ಅಲಂಕಾರವಾದೀತೇ ಹೊರತು ಇತಿಹಾಸಕ್ಕೆ ಆಧಾರವಾಗದು.

ಮಾಸಿದ ಅಕ್ಷರಗಳಿಗೆ ಹೊಸ ಬಣ್ಣ ಬಳಿಯಬೇಡಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಆದ್ದರಿಂದ ಉಪ್ಪುಕಾಗದದಿಂದ ಉಜ್ಜಬೇಡಿ. ಮೆತ್ತನೆಯ ಒಣ ಬಟ್ಟೆಯಿಂದ ಧೂಳು ಒರೆಸಿ, ಬಿಸಿಲು ಮತ್ತು ತೇವ ತಾಗದ ಕಡೆ ಇಡಿ. ಬಟ್ಟೆಯ ಬೋರ್ಡಾದರೆ ಮಡಚದೆ ಸುತ್ತಿಡಿ.

ಹಣವಿಲ್ಲದೆಯೂ ಈ ಕೆಲಸ ಮಾಡಬಹುದು. ನಿಮ್ಮ ದಾರಿಯ ಬಸ್ಸುಗಳ ಬೋರ್ಡುಗಳ ಫೋಟೋ ತೆಗೆದು, ದಿನಾಂಕ ಮತ್ತು ಸ್ಥಳ ಬರೆದಿಡಿ. ಮನೆಯಲ್ಲೋ ಮೊಹಲ್ಲಾದಲ್ಲೋ ಡ್ರೈವರ್, ಕಂಡಕ್ಟರ್ ಅಥವಾ ಪೇಂಟರ್ ಆಗಿದ್ದ ಹಿರಿಯರಿದ್ದರೆ, ಯಾವ ಮಾರ್ಗದ ಬೋರ್ಡು ಹೇಗಿತ್ತು, ಯಾರು ಬರೆಯುತ್ತಿದ್ದರು ಎಂದು ಕೇಳಿ. ತಗಡು ಇನ್ನಷ್ಟು ವರ್ಷ ತಡೆದೀತು, ಆದರೆ ಅವರ ನೆನಪನ್ನು ಈಗಲೇ ಬರೆದಿಡಬೇಕು.