ಸಿಗರೇಟು ಬಿಡಲು ಮೊಬೈಲ್ ಸಂಗಾತಿ

ಊಟವಾದೊಡನೆ, ಕಾಫಿ ಕುಡಿದೊಡನೆ ಸಿಗರೇಟಿಗಾಗಿ ಮನಸ್ಸು ಹಂಬಲಿಸುತ್ತದೆಯೇ? ನಿಕೋಟಿನ್‌ಗೆ ಒಗ್ಗಿದ ಮಿದುಳಿನ ಬೇಡಿಕೆ ಅದು. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತಗ್ಗುತ್ತದೆ. ಆ ನಿಮಿಷಗಳನ್ನು ದಾಟಲು ನಿಮ್ಮ ಮೊಬೈಲ್ ಫೋನ್ ನೆರವಾಗಬಲ್ಲದು.

ಬ್ರಿಟನ್ನಿನಲ್ಲಿ ಸುಮಾರು 5,800 ಧೂಮಪಾನಿಗಳ ಮೇಲೆ ನಡೆದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಧೈರ್ಯ ತುಂಬುವ ಮೊಬೈಲ್ ಸಂದೇಶ ಪಡೆದವರಲ್ಲಿ ಶೇ. 10.7 ಮಂದಿ ಆರು ತಿಂಗಳ ನಂತರವೂ ಸಿಗರೇಟು ಮುಟ್ಟಿರಲಿಲ್ಲ. ಅಂಥ ಸಂದೇಶ ಪಡೆಯದವರಲ್ಲಿ ಶೇ. 4.9 ಮಂದಿ ಮಾತ್ರ.

ಬಿಡುವ ದಿನವನ್ನು ಇಂದೇ ಗೊತ್ತುಮಾಡಿ, ಮನೆಯವರಿಗೆ ತಿಳಿಸಿ. ಹಂಬಲ ಹುಟ್ಟಿದಾಗ ನೀರು ಕುಡಿಯಿರಿ, ನಾಲ್ಕು ಹೆಜ್ಜೆ ನಡೆಯಿರಿ. ಸಲಹೆಗೆ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಒಮ್ಮೆ ಸೋತರೆ ಎದೆಗುಂದಬೇಡಿ, ಮತ್ತೆ ಪ್ರಯತ್ನಿಸಿ.