ದವಡೆಯೊಳಗೊಂದು ಟೈಟಾನಿಯಂ ಸ್ಕ್ರೂ

ನನ್ನ ಅಬ್ಬಾ ಪೀಣ್ಯ ಎರಡನೇ ಹಂತದ ಒಂದು ಮಷೀನ್ ಶಾಪಿನಲ್ಲಿ ಟರ್ನರ್. ಇಪ್ಪತ್ತೆರಡು ವರ್ಷದಿಂದ ಲೇತ್ ಮುಂದೆ ನಿಂತು ಸ್ಟೀಲು, ಹಿತ್ತಾಳೆಗೆ ಥ್ರೆಡ್ ಹಾಕುತ್ತಾ ಬಂದಿದ್ದಾರೆ. ಮೂರು ವರ್ಷದ ಹಿಂದೆ ಅವರ ಬಲಗಡೆಯ ಕೆಳಗಿನ ದವಡೆಹಲ್ಲು ಹುಳುಕಾಗಿ, ನೋವು ತಡೆಯಲಾರದೆ ಕೀಳಿಸಿಕೊಂಡರು. ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದ್ದರೆ ಹಲ್ಲು ಉಳಿಯುತ್ತಿತ್ತು. ಆದರೆ ಅದು ನನ್ನ ಶಾಲೆಯ ಫೀಸು ಕಟ್ಟುವ ತಿಂಗಳು. "ಒಂದು ಹಲ್ಲು ತಾನೇ, ಹೋದರೆ ಹೋಗಲಿ" ಅಂದರು.

ಹೋದದ್ದು ಒಂದು ಹಲ್ಲು ಮಾತ್ರ ಆಗಿರಲಿಲ್ಲ. ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲಿತು. ಮೇಲಿನ ಹಲ್ಲು ಎದುರಿಗೆ ತಡೆಯಿಲ್ಲದೆ ಕೆಳಕ್ಕಿಳಿಯತೊಡಗಿತು. ಅಬ್ಬಾ ಎಡಗಡೆಯಿಂದಲೇ ಅಗಿಯುತ್ತಿದ್ದರು. ಕಡಲೆಕಾಯಿ ಬಿಟ್ಟರು, ಆಮೇಲೆ ರೊಟ್ಟಿ ಬಿಟ್ಟರು. ಕಳೆದ ವರ್ಷ ಎಡಗಡೆಯೂ ನೋವು ಶುರುವಾದಾಗ ಅಮ್ಮಿ ಹಟ ಹಿಡಿದು ಅವರನ್ನು ದಂತ ವೈದ್ಯಕೀಯ ಕಾಲೇಜೊಂದಕ್ಕೆ ಹೊರಡಿಸಿದರು. ಜೊತೆಗೆ ನಾನು ಹೋದೆ. ಅಲ್ಲಿ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮೂರು ದಾರಿಗಳು

ಹೋದ ಹಲ್ಲಿನ ಜಾಗ ತುಂಬಲು ಮೂರು ದಾರಿಗಳಿವೆ ಎಂದು ಡಾಕ್ಟರ್ ಮೇಡಂ ವಿವರಿಸಿದರು. ಮೊದಲನೆಯದು ತೆಗೆದು ಹಾಕುವ ಹಲ್ಲು. ಖರ್ಚು ಕಡಿಮೆ, ಆದರೆ ಅಗಿಯುವ ಬಲವೂ ಕಡಿಮೆ. ಎರಡನೆಯದು ಬ್ರಿಡ್ಜ್. ಆಚೀಚೆಯ ಎರಡು ಹಲ್ಲುಗಳನ್ನು ಉಜ್ಜಿ ಸಣ್ಣದು ಮಾಡಿ, ಮೂರಕ್ಕೂ ಸೇರಿಸಿ ಕ್ಯಾಪ್ ಕೂರಿಸುತ್ತಾರೆ. ಗಟ್ಟಿಯಾಗಿರುತ್ತದೆ, ಆದರೆ ಒಂದು ಹಲ್ಲಿಗಾಗಿ ಎರಡು ಒಳ್ಳೆಯ ಹಲ್ಲುಗಳನ್ನು ಸವೆಸಬೇಕು. ಮೂರನೆಯದು ಇಂಪ್ಲಾಂಟ್. ಹೋದ ಬೇರಿನ ಜಾಗದಲ್ಲಿ, ಮೂಳೆಯೊಳಗೆ ಟೈಟಾನಿಯಂ ಸ್ಕ್ರೂ ಕೂರಿಸಿ, ಅದರ ಮೇಲೆ ಹಲ್ಲಿನ ಕ್ಯಾಪ್ ಜೋಡಿಸುವುದು.

ಮೇಡಂ ಅಬ್ಬಾ ಕೈಗೆ ಒಂದು ಮಾದರಿ ಸ್ಕ್ರೂ ಕೊಟ್ಟರು. ಸುಮಾರು 4 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಉದ್ದ. ಅಬ್ಬಾ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಥ್ರೆಡ್ ಚೆನ್ನಾಗಿದೆ. ಆದರೆ ಫಿನಿಶಿಂಗ್ ಯಾಕೆ ಒರಟು?" ಎಂದು ಕೇಳಿದರು. ಮೇಡಂ ನಕ್ಕು, "ಬೇಕೆಂದೇ ಒರಟು ಮಾಡಿರುತ್ತಾರೆ ಭಾಯ್. ಅಲ್ಲಿ ಮೂಳೆ ಹಿಡಿದುಕೊಳ್ಳಬೇಕಲ್ಲ" ಎಂದರು.

ಮೂಳೆ ಹಿಡಿಯುವುದು ಹೇಗೆ?

ಗೋಡೆಯೊಳಗೆ ಸ್ಕ್ರೂ ನಿಲ್ಲುವಂತೆ ಇಂಪ್ಲಾಂಟ್ ಕೂಡ ಥ್ರೆಡ್ಡಿನ ಬಿಗಿಯಿಂದಲೇ ನಿಲ್ಲುತ್ತದೆ ಎಂದು ನಾನು ತಿಳಿದಿದ್ದೆ. ಆ ಬಿಗಿ ಮೊದಲ ಕೆಲವು ವಾರಗಳಿಗೆ ಮಾತ್ರ ಆಸರೆ. ಆಮೇಲೆ ಅದನ್ನು ಹಿಡಿದಿಡುವುದು ಹೊಸದಾಗಿ ಬೆಳೆದ ಮೂಳೆ.

ಇದು ಗೊತ್ತಾದದ್ದು ಬೇರೆ ಪ್ರಯೋಗವೊಂದರ ನಡುವೆ. 1952ರಲ್ಲಿ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವಿಜ್ಞಾನಿ ಮೂಳೆಯೊಳಗಿನ ರಕ್ತಸಂಚಾರ ನೋಡಲು ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂ ಉಪಕರಣ ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಹೋದರೆ ಅದು ಬರಲೇ ಇಲ್ಲ. ಮೂಳೆ ಅದಕ್ಕೆ ಅಂಟಿಕೊಂಡುಬಿಟ್ಟಿತ್ತು. 1965ರಲ್ಲಿ ಯೋಸ್ಟಾ ಲಾರ್ಸನ್ ಎಂಬ ರೋಗಿಯ ದವಡೆಗೆ ಅವರು ಟೈಟಾನಿಯಂ ಇಂಪ್ಲಾಂಟ್ ಹಾಕಿದರು. 2006ರಲ್ಲಿ ಲಾರ್ಸನ್ ತೀರಿಕೊಳ್ಳುವವರೆಗೂ, ಅಂದರೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ, ಅವು ಕೆಲಸ ಮಾಡಿದವು.

ಕಾರಣ ನಮ್ಮ ರಸಾಯನಶಾಸ್ತ್ರದ ಪಾಠದಲ್ಲೇ ಇದೆ. ಟೈಟಾನಿಯಂ ಪರಮಾಣು ಸಂಖ್ಯೆ 22, ಡಿ-ಬ್ಲಾಕ್ ಲೋಹ. ಗಾಳಿ ತಾಗಿದ ಕೂಡಲೇ ಅದರ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕಟ್ಟುತ್ತದೆ. ಆ ಪದರದಿಂದಾಗಿ ಲೋಹ ತುಕ್ಕು ಹಿಡಿಯುವುದಿಲ್ಲ, ದೇಹವೂ ಅದನ್ನು ತಿರಸ್ಕರಿಸುವುದಿಲ್ಲ. ಮೂಳೆ ಕಟ್ಟುವ ಜೀವಕೋಶಗಳಾದ ಆಸ್ಟಿಯೋಬ್ಲಾಸ್ಟ್‌ಗಳು ಅದರ ಮೇಲೆಯೇ ಹೊಸ ಮೂಳೆ ಕಟ್ಟುತ್ತವೆ.

ಶಾಪಿನ ಕೆಲಸ, ಡಾಕ್ಟರ ಕೆಲಸ

ಶಸ್ತ್ರಚಿಕಿತ್ಸೆಯ ಕ್ರಮ ಕೇಳಿದಾಗ ಅಬ್ಬಾಗೆ ಅರ್ಧ ಭಯ ಹೋಯಿತು. ಮೊದಲು ಎಕ್ಸ್-ರೇ, ಸ್ಕ್ಯಾನ್ ನೋಡಿ ಮೂಳೆಯ ಅಳತೆ ತೆಗೆಯುತ್ತಾರೆ. ಕೆಳದವಡೆಯೊಳಗೆ ಹಾದುಹೋಗುವ ನರಕ್ಕೆ ತಾಗಬಾರದಲ್ಲ. ಜಾಗ ಮರಗಟ್ಟಿಸಿ ಸಣ್ಣ ಬಿಟ್‌ನಿಂದ ಶುರುಮಾಡಿ, ಹಂತಹಂತವಾಗಿ ದೊಡ್ಡ ಬಿಟ್ ಹಾಕಿ ರಂಧ್ರ ಕೊರೆಯುತ್ತಾರೆ. ಶಾಪಿನಲ್ಲಿ ಕೂಲಂಟ್ ಬಿಡುವಂತೆ ಇಲ್ಲಿ ಸಲೈನ್ ನೀರು ಬಿಡುತ್ತಲೇ ಇರುತ್ತಾರೆ. ಯಾಕೆಂದರೆ ಸುಮಾರು 47 ಡಿಗ್ರಿ ಸೆಲ್ಸಿಯಸ್ ಬಿಸಿ ಒಂದು ನಿಮಿಷ ತಾಗಿದರೂ ಮೂಳೆಯ ಜೀವಕೋಶಗಳು ಸಾಯಬಹುದು. ಕೊನೆಗೆ ಟಾರ್ಕ್ ಅಳೆಯುವ ಸ್ಪ್ಯಾನರಿನಿಂದ ಸುಮಾರು 35 ನ್ಯೂಟನ್ ಸೆಂಟಿಮೀಟರ್ ಬಿಗಿ ಮಾಡುತ್ತಾರೆ. ಒಂದು ಸೆಂಟಿಮೀಟರ್ ಉದ್ದದ ಹಿಡಿಗೆ ಮೂರೂವರೆ ಕಿಲೋ ತೂಗುಹಾಕಿದಷ್ಟು ಬಲ ಅದು.

ವ್ಯತ್ಯಾಸ ಇರುವುದು ಆಮೇಲೆ. ಶಾಪಿನಲ್ಲಿ ಬಿಗಿ ಮಾಡಿದರೆ ಕೆಲಸ ಮುಗಿಯಿತು. ಇಲ್ಲಿ ಕೊರೆದ ಜಾಗದ ಹಳೆ ಮೂಳೆ ಸ್ವಲ್ಪ ಕರಗಿ, ಅಲ್ಲಿ ಹೊಸ ಮೂಳೆ ತುಂಬಬೇಕು. ಅದಕ್ಕೇ ಮೊದಲ ದಿನಕ್ಕಿಂತ ಮೂರನೇ ವಾರದ ಹೊತ್ತಿಗೆ ಬಿಗಿ ಕಡಿಮೆಯಿರುತ್ತದೆ. ಕೆಳದವಡೆಗೆ ಸಾಮಾನ್ಯವಾಗಿ ಮೂರು ತಿಂಗಳು, ಮೇಲ್ದವಡೆಗೆ ಇನ್ನೂ ಹೆಚ್ಚು ಕಾಯಬೇಕು. ಕೆಲವರಿಗೆ ಮಾತ್ರ ಬೇಗ ಹಲ್ಲು ಕೂರಿಸಬಹುದು.

"ಮೊದಲು ಶುಗರ್ ಇಳಿಸಿ"

ಅಬ್ಬಾ ಒಪ್ಪಿದರು, ಆದರೆ ಮೇಡಂ ಒಪ್ಪಲಿಲ್ಲ. ರಕ್ತಪರೀಕ್ಷೆಯಲ್ಲಿ ಅವರ ಮೂರು ತಿಂಗಳ ಸಕ್ಕರೆಯ ಸರಾಸರಿ 9ರ ಮೇಲೆ ಬಂದಿತ್ತು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಗಾಯ ಬೇಗ ಮಾಯುವುದಿಲ್ಲ, ಮೂಳೆ ಸರಿಯಾಗಿ ಹಿಡಿಯುವುದಿಲ್ಲ. ಬೀಡಿ, ಸಿಗರೇಟೂ ಹಾಗೆಯೇ. ಗುಟ್ಕಾ ಜಗಿಯುವವರಿಗೆ ಬಾಯಿ ತೆರೆಯುವುದೇ ಕಷ್ಟವಾಗುವ ಕಾಯಿಲೆ ಬರಬಹುದು. ನಿಜ ಹೇಳಬೇಕೆಂದರೆ, ಹಲ್ಲಿನ ನೆಪದಲ್ಲಿ ಅಬ್ಬಾ ಮೊದಲ ಸಲ ಮಾತ್ರೆಯನ್ನು ಸಮಯಕ್ಕೆ ಸರಿಯಾಗಿ ತೆಗೆದುಕೊಂಡರು, ಬೀಡಿ ಬಿಟ್ಟರು. ನಾಲ್ಕು ತಿಂಗಳಿಗೆ ಸಕ್ಕರೆ 7ಕ್ಕಿಳಿಯಿತು. ಹಗಲಿನಲ್ಲೂ ಮಾತ್ರೆ, ಮೆತ್ತನೆಯ ಊಟ ಬೇಕಾಗುತ್ತದೆಂದು ರಮ್ಜಾನ್ ಕಳೆದ ಮೇಲೆ ದಿನ ಗೊತ್ತುಮಾಡಿದರು.

ಖರ್ಚು ಸಣ್ಣದಲ್ಲ. ಖಾಸಗಿ ಕ್ಲಿನಿಕ್ಕಿನಲ್ಲಿ ಒಂದು ಹಲ್ಲಿಗೆ ಹತ್ತಾರು ಸಾವಿರ ಆಗುತ್ತದೆ. ದಂತ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಕಡಿಮೆ. ವೈಟ್‌ಫೀಲ್ಡ್ ಕಡೆಯವರಿಗೆ ವೈದೇಹಿ ದಂತ ಕಾಲೇಜಿದೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ಪೀಣ್ಯದಿಂದ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿಯಬಹುದು. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡಲು ರಾಜ್ಯ ಸರ್ಕಾರ ‘ದಂತ ಭಾಗ್ಯ’ ಯೋಜನೆ ಆರಂಭಿಸಿತ್ತು. ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಅದರ ಬಗ್ಗೆಯೂ ವಿಚಾರಿಸಿ.

ನಮ್ಮ ವಯಸ್ಸಿನವರಿಗೆ

ನಾವು ಇನ್ನೂ ಬೆಳೆಯುತ್ತಿದ್ದೇವೆ. ದವಡೆಯ ಬೆಳವಣಿಗೆ ಮುಗಿಯುವವರೆಗೆ ಸಾಮಾನ್ಯವಾಗಿ ಇಂಪ್ಲಾಂಟ್ ಹಾಕುವುದಿಲ್ಲ. ಹಾಗಾಗಿ ಇರುವ ಹಲ್ಲನ್ನು ಉಳಿಸಿಕೊಳ್ಳುವುದೇ ನಮ್ಮ ಕೆಲಸ. ಆಟವಾಡುವಾಗ ಹಲ್ಲು ಬುಡಸಮೇತ ಕಿತ್ತು ಬಂದರೆ ಬೇರನ್ನು ಮುಟ್ಟಬೇಡಿ, ಬಿಳಿ ಭಾಗವನ್ನು ಹಿಡಿಯಿರಿ. ಮಣ್ಣಾಗಿದ್ದರೆ ಹಾಲಿನಲ್ಲೋ ಶುದ್ಧ ನೀರಿನಲ್ಲೋ ಕೆಲವು ಕ್ಷಣ ತೊಳೆಯಿರಿ, ಉಜ್ಜಬೇಡಿ. ಆದರೆ ಅದೇ ಗುಳಿಯಲ್ಲಿ ಕೂರಿಸಿ, ಆಗದಿದ್ದರೆ ಹಾಲಿನಲ್ಲಿ ಹಾಕಿ. ಅರ್ಧ ಗಂಟೆಯೊಳಗೆ ದಂತ ವೈದ್ಯರ ಬಳಿ ಹೋದರೆ ಆ ಹಲ್ಲು ಮತ್ತೆ ಹಿಡಿಯುವ ಸಾಧ್ಯತೆ ಹೆಚ್ಚು.

ಅಬ್ಬಾಗೆ ಸ್ಕ್ರೂ ಕೂರಿಸಿ ಈಗ ಎರಡು ತಿಂಗಳಾಯಿತು. ಮೇಲೆ ಹಲ್ಲು ಇನ್ನೂ ಬಂದಿಲ್ಲ. ಮೊನ್ನೆ ಅಮ್ಮಿ "ಇನ್ನೂ ಎಷ್ಟು ದಿನ?" ಎಂದು ಕೇಳಿದರೆ, "ಜಾಬ್ ಮಷೀನ್ ಮೇಲಿದೆ, ಅವಸರ ಮಾಡಿದರೆ ರಿಜೆಕ್ಟ್ ಆಗುತ್ತೆ" ಎಂದರು. ನನಗೆ ಮಾತ್ರ ಪ್ರತಿ ತಿಂಗಳು ಒಂದೇ ಮಾತು: "ನಿನ್ನ ಹಲ್ಲು ತೋರಿಸಿಕೊಂಡು ಬಾ. ಫೀಸಿನ ಲೆಕ್ಕ ನನಗೆ ಬಿಡು."

— ದ್ವಿತೀಯ ಪಿಯುಸಿ, ಪಿಸಿಎಂಬಿ ವಿಭಾಗ