ಲೈಕ್ ನೋಡಿ ಔಷಧಿ ಹೊಡೀಬ್ಯಾಡ್ರಿ, ಪುಕ್ಕಟೆ ಸಲಹೆಗೆ ಸರ್ವೆ ನಂಬರ್ ಕೊಡಬ್ಯಾಡ್ರಿ



ಈಗ ಎಲೆಯ ಫೋಟೋ ಒಂದು ಹಾಕಿದರೆ ಸಾಕು, ಐದು ನಿಮಿಷದಲ್ಲಿ ಹತ್ತು ಜನ ಔಷಧಿ ಹೆಸರು ಹೇಳ್ತಾರೆ. ಯಾವ ಉತ್ತರಕ್ಕೆ ಲೈಕ್ ಜಾಸ್ತಿ ಬಿದ್ದಿದೆಯೋ ಅದು ಮೇಲೆ ಬಂದು ಕೂರುತ್ತೆ. ಬೀಜಕ್ಕೆ ಸ್ಟಾರ್, ಗೊಬ್ಬರಕ್ಕೆ ಸ್ಟಾರ್, ಅಂಗಡಿಗೂ ಸ್ಟಾರ್. ಇಂಥ ಆ್ಯಪ್ ಒಂದೆರಡಾದರೂ ನಿಮ್ಮ ಫೋನಿನಲ್ಲಿ ಇರಬಹುದು. ದುಡ್ಡು ಕೊಡಬೇಕಿಲ್ಲ, ಪೇಟೆಗೆ ಓಡಾಡಬೇಕಿಲ್ಲ. ಹಾಗಾದರೆ ತಕರಾರು ಏನು?

ನನ್ನದು ಎರಡು ತಕರಾರು. ಒಂದು, ಎಷ್ಟು ಜನ ಒಪ್ಪಿದರು ಅನ್ನೋದನ್ನ ಲೈಕ್ ಹೇಳುತ್ತೆ, ನಿಮ್ಮ ಹೊಲದಲ್ಲಿ ಏನಾಗಿದೆ ಅನ್ನೋದನ್ನ ಹೇಳಲ್ಲ. ಎರಡು, ಆ ಸಲಹೆ ಪುಕ್ಕಟೆ ಅಲ್ಲ. ಫೋನ್ ನಂಬರ್, ಸರ್ವೆ ನಂಬರ್, ಬೆಳೆ ವಿವರ ಇವೇ ಅದರ ಬೆಲೆ.

ನಾನು ಹಾವೇರಿ ಜಿಲ್ಲೆಯವನು, ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ಮನೆಯವನು. ಆದ್ದರಿಂದ ಮೆಣಸಿನ ಗಿಡ ಇಟ್ಟುಕೊಂಡೇ ಹೇಳ್ತೀನಿ.

ಮುಟುರು ಒಂದೇ, ಕಾರಣ ಮೂರು

ಮೆಣಸಿನ ಎಲೆ ಮುದುಡಿದರೆ ನಾವೆಲ್ಲ "ಮುಟುರು ಬಂತು" ಅಂತೀವಿ. ಆದರೆ ಎಲೆ ಮುದುಡೋದಕ್ಕೆ ಕಾರಣ ಒಂದೇ ಅಲ್ಲ.

ಎಲೆಯ ಅಂಚು ಮೇಲಕ್ಕೆ ದೋಣಿ ಥರ ಮುದುಡಿದ್ದರೆ ಸಾಮಾನ್ಯವಾಗಿ ಅದು ಥ್ರಿಪ್ಸ್ ನುಸಿ ಕೆಲಸ. ಅಂಚು ಕೆಳಕ್ಕೆ ಮಡಚಿ, ಎಲೆಯ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಎಲೆ ಸಣ್ಣದಾಗಿ, ಗಿಡ ಕುಳ್ಳಾಗಿ ಗುಂಪು ಗುಂಪಾಗಿ ನಿಂತಿದ್ದರೆ ಬಿಳಿ ನೊಣ ಹರಡುವ ವೈರಸ್ ಇರಬಹುದು. ಒಂದೇ ಹೊಲದಲ್ಲಿ ಎರಡು ಮೂರು ಕಾರಣ ಕೂಡಿಯೂ ಇರ್ತವೆ.

ಇಲ್ಲೇ ಎಡವಟ್ಟು ಆಗೋದು. ಮೈಟ್ ಕೀಟವಲ್ಲ, ಎಂಟು ಕಾಲಿನ ಜೇಡದ ಜಾತಿಯದು. ಥ್ರಿಪ್ಸ್‌ಗೆ ಹೊಡೆಯುವ ಎಷ್ಟೋ ಕೀಟನಾಶಕ ಅದಕ್ಕೆ ನಾಟಲ್ಲ. ಅಷ್ಟೇ ಅಲ್ಲ, ಸಿಂಥೆಟಿಕ್ ಪೈರೆಥ್ರಾಯ್ಡ್ ಗುಂಪಿನ ಔಷಧಿ ಪದೇ ಪದೇ ಹೊಡೆದರೆ ಮೈಟ್ ತಿನ್ನುವ ಮಿತ್ರಜೀವಿಗಳು ಸತ್ತು ಮೈಟ್ ಮತ್ತಷ್ಟು ಹೆಚ್ಚಬಹುದು. ವೈರಸ್ ಬಂದ ಗಿಡವನ್ನಂತೂ ಯಾವ ಸಿಂಪಡಣೆಯೂ ವಾಸಿ ಮಾಡಲ್ಲ. ಗಿಡ ಕಿತ್ತು ಹಾಕಬೇಕು, ಬಿಳಿ ನೊಣ ಹತೋಟಿ ಮಾಡಬೇಕು.

ಹೋದ ಹಂಗಾಮಿನಲ್ಲಿ ನಮ್ಮ ಓಣಿಯ ಹುಡುಗನೊಬ್ಬ ಫೋನ್ ಹಿಡ್ಕೊಂಡು ಮನೆಗೆ ಬಂದ. "ಅಣ್ಣಾ, ಫೋಟೋ ಹಾಕಿದ್ದೆ. ನಲವತ್ತು ಮಂದಿ ಇದನ್ನ ಹೊಡೀರಿ ಅಂದಾರ. ಸಂಜಿಕ ಹೊಡದ ಬಿಡ್ಲೇನ್ರಿ?"

"ನಲವತ್ತು ಮಂದ್ಯಾಗ ನಿನ್ನ ಹೊಲಕ್ಕ ಯಾರ್ ಬಂದಿದ್ರೋ ತಮ್ಮಾ?" ಅಂದೆ.

ಇಬ್ಬರೂ ಹೊಲಕ್ಕೆ ಹೋಗಿ ಎಲೆ ತಿರುವಿ ನೋಡಿದೆವು. ಅಂಚು ಕೆಳಕ್ಕೆ ಮಡಚಿತ್ತು. ಎಲೆಯ ಅಡಿಭಾಗಕ್ಕೆ ಭೂತಗನ್ನಡಿ ಹಿಡಿದರೆ ಸಣ್ಣ ಸಣ್ಣ ಮೈಟ್ ಹರಿದಾಡ್ತಿದ್ದವು. ಅವನು ಹಾಕಿದ್ದ ಫೋಟೋ ಎಲೆಯ ಮೇಲ್ಭಾಗದ್ದು. ನಲವತ್ತು ಜನ ಒಪ್ಪಿದ್ದ ಔಷಧಿ ಥ್ರಿಪ್ಸ್‌ನದು. ಗಿಡದ ಸಮೇತ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳಿಕೊಂಡು ಬಂದು ಮೈಟ್‌ನಾಶಕ ಹೊಡೆದ. ಆ ನಲವತ್ತು ಜನ ಸುಳ್ಳು ಹೇಳಿದರು ಅಂತ ನಾನು ಅನ್ನಲ್ಲ. ಅವರವರ ಹೊಲದಲ್ಲಿ ಥ್ರಿಪ್ಸೇ ಇದ್ದಿರಬಹುದು.

ಎಲ್ಲರ ಅನುಭವವೂ ಒಟ್ಟಿಗೇ ಕೈ ಕೊಡುವ ಕಾಲವೂ ಇದೆ. 2021-22ರಲ್ಲಿ ಥ್ರಿಪ್ಸ್ ಪಾರ್ವಿಸ್ಪೈನಸ್ ಅನ್ನುವ, ಹೊರಗಿನಿಂದ ಬಂದ ಕಪ್ಪು ಥ್ರಿಪ್ಸ್ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಬೆಳೆಯನ್ನ ಹಾಳು ಮಾಡಿತು. ಹಳೇ ಥ್ರಿಪ್ಸ್ ಎಲೆ ಮೇಲೆ ಹೆಚ್ಚು, ಇದು ಹೂವಿನೊಳಗೇ ಗುಂಪಾಗಿ ಸೇರ್ಕೊಳ್ತಿತ್ತು. ಯಾರೋ ಹೇಳಿದರು ಅಂತ ಎರಡು ಮೂರು ಔಷಧಿ ಕಲಿಸಿ ಹೊಡೆದವರಿಗೆ ಖರ್ಚು ಏರಿತು, ಹುಳ ಇಳೀಲಿಲ್ಲ. ಕೀಟ ಹೊಸದಾದಾಗ ಸಾವಿರ ಜನರ ಹಳೇ ಅನುಭವ ಕೂಡಿಸಿದರೂ ಉತ್ತರ ಸಿಗಲ್ಲ.

"ಜನ ಬೇಡ, ಎಐ ಕೇಳ್ತೀವಿ" ಅನ್ನುವವರಿಗೂ ಒಂದು ಲೆಕ್ಕ. 2016ರಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನದಲ್ಲಿ 54,306 ಎಲೆ ಫೋಟೋಗಳನ್ನ ಬಳಸಿ ಕಂಪ್ಯೂಟರಿಗೆ ರೋಗ ಗುರುತಿಸೋದನ್ನ ಕಲಿಸಿದರು. ಅದೇ ಸಂಗ್ರಹದ ಫೋಟೋ ಕೊಟ್ಟಾಗ ಶೇಕಡಾ 99ಕ್ಕಿಂತ ಹೆಚ್ಚು ಸರಿ ಬಂತು. ಬೇರೆ ಕಡೆ, ಬೇರೆ ರೀತಿ ತೆಗೆದ ಫೋಟೋ ಕೊಟ್ಟಾಗ ಸುಮಾರು 31ಕ್ಕೆ ಇಳೀತು. ಅಲ್ಲಿಂದೀಚೆಗೆ ತಂತ್ರಜ್ಞಾನ ಸುಧಾರಿಸಿದೆ, ನಿಜ. ಆದರೂ ನಿಮ್ಮ ಹೊಲದ ಬಿಸಿಲು, ಧೂಳು, ಅಲುಗಾಡುವ ಕೈ ಇವುಗಳ ನಡುವೆ ತೆಗೆದ ಒಂದೇ ಫೋಟೋ ನಂಬಿ ಔಷಧಿ ತರಬೇಡಿ.

ಲೈಕ್ 10 ನಿಮಿಷಕ್ಕೆ, ಫಲ 10 ದಿನಕ್ಕೆ

ಲೈಕ್ ಯಾವಾಗ ಬೀಳುತ್ತೆ ಅಂತ ಯೋಚಿಸಿ. ಉತ್ತರ ಓದಿದ ಕೂಡಲೇ. ಔಷಧಿ ನಾಟಿತೋ ಇಲ್ಲವೋ ತಿಳಿಯೋದು ವಾರ, ಹತ್ತು ದಿನ ಕಳೆದ ಮೇಲೆ. ಅಷ್ಟೊತ್ತಿಗೆ ಆ ಪ್ರಶ್ನೆ ಕೆಳಗೆ ಹೋಗಿರುತ್ತೆ. "ಹೊಡೆದೆ, ಏನೂ ಆಗಲಿಲ್ಲ" ಅಂತ ವಾಪಸ್ ಬಂದು ಬರೆಯುವವರು ಬಹಳ ಕಡಿಮೆ. ಅಂದರೆ ನೀವು ನೋಡ್ತಿರೋ ಲೈಕ್ ಫಲಿತಾಂಶ ಕಾಣುವ ಮೊದಲೇ ಬಿದ್ದದ್ದು.

ಉತ್ತರ ಕೊಟ್ಟವರು ಯಾರು ಅನ್ನೋದನ್ನೂ ನೋಡಬೇಕು. ಅವರ ಪ್ರೊಫೈಲ್ ತೆಗೆದು ಹಳೇ ಉತ್ತರ ಓದಿ. ಟೊಮ್ಯಾಟೊಗೂ ಅದೇ ಡಬ್ಬಿ, ಹತ್ತಿಗೂ ಅದೇ ಡಬ್ಬಿ, ದಾಳಿಂಬೆಗೂ ಅದೇ ಡಬ್ಬಿ ಅಂತಿದ್ದರೆ ಅದು ಸಲಹೆಯಲ್ಲ, ಮಾರಾಟ. ಸುಳ್ಳು ವಿಮರ್ಶೆಯ ಕಾಟ ಎಲ್ಲ ಕಡೆ ಇದೆ ಅಂತಲೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಆನ್‌ಲೈನ್ ವಿಮರ್ಶೆಗಳಿಗೆ ಐಎಸ್ 19000 ಅನ್ನುವ ಮಾನದಂಡ ತಂತು. ಅದನ್ನ ಸ್ವಯಂಪ್ರೇರಿತವಾಗಿ ಪಾಲಿಸಿ ಅಂತಲೇ ಹೊರಡಿಸಿದ್ದು.

ಇನ್ನೊಂದು ಮಾತು. ಅಂಗಡಿಯಲ್ಲಿ ಔಷಧಿ ತಗೊಂಡರೆ ಬ್ಯಾಚ್ ನಂಬರ್ ಇರುವ ಬಿಲ್ ಕೇಳಿ ಪಡೀಬಹುದು, ಬೆಳೆ ಸುಟ್ಟರೆ ಆ ಬಿಲ್ ಹಿಡಿದು ಕೇಳಬಹುದು. ಹೆಸರು ಗೊತ್ತಿಲ್ಲದವರು ಕೊಟ್ಟ ಸಲಹೆಗೆ ಬಿಲ್ ಇಲ್ಲ, ಹೊಣೆಯೂ ಇಲ್ಲ.

ಹಾಗಂತ ಜನರ ಮಾತೆಲ್ಲ ಕೆಟ್ಟದ್ದಲ್ಲ. ಬಾಡಿಗೆ ಟ್ರ್ಯಾಕ್ಟರ್ ಎಲ್ಲಿ ಸಿಗುತ್ತೆ, ಯಾವ ನರ್ಸರಿಯ ಸಸಿ ಚೆನ್ನಾಗಿದೆ, ಇವತ್ತು ಮಾರ್ಕೆಟ್‌ಗೆ ಎಷ್ಟು ಆವಕ ಬಂದಿದೆ, ಇಂಥದ್ದಕ್ಕೆ ಅನುಕೂಲವೇ. ಒಂದು ಫೋನ್ ಮಾಡಿ, ಕಣ್ಣಾರೆ ನೋಡಿ ಖಚಿತ ಮಾಡ್ಕೊಳ್ಳಬಹುದಾದ ವಿಷಯ ಕೇಳಿ. ವಿಷ ಹೊಡೆಯುವ ವಿಷಯ ಹಾಗೆ ಕೇಳಬೇಡಿ.

ಪುಕ್ಕಟೆ ಸಲಹೆಯ ಬಿಲ್

ಈ ಲೇಖನಕ್ಕಾಗಿ ಇಂಥದ್ದೊಂದು ಆ್ಯಪ್ ಹಾಕಿ ನೋಡಿದೆ. ಎಲೆ ಫೋಟೋ ತೋರಿಸೋಕೆ ಮುಂಚೆ ಅದು ಕೇಳಿದ್ದು: ಕಾಂಟ್ಯಾಕ್ಟ್ ಲಿಸ್ಟ್, ಸದಾಕಾಲ ಲೊಕೇಶನ್, ಎಷ್ಟು ಎಕರೆ, ಸರ್ವೆ ನಂಬರ್, ಬೆಳೆ ಸಾಲ ಇದೆಯಾ, ಯಾವ ತಿಂಗಳು ಕೊಯ್ಲು. ಎಲೆಯ ರೋಗಕ್ಕೂ ನನ್ನ ಸಾಲಕ್ಕೂ ಏನು ಸಂಬಂಧ? ಎಲ್ಲದಕ್ಕೂ ಬೇಡ ಅಂತ ಒತ್ತಿದೆ. ಕ್ಯಾಮೆರಾ ಒಂದಕ್ಕೇ ಒಪ್ಪಿಗೆ ಕೊಟ್ಟರೂ ಫೋಟೋ ಹೋಯ್ತು, ಉತ್ತರ ಬಂತು. ಅಂದಮೇಲೆ ಉಳಿದದ್ದೆಲ್ಲ ಯಾರಿಗೆ ಬೇಕಿತ್ತು ಅಂತ ನೀವೇ ಯೋಚಿಸಿ.

ಕೆಲವರು ಕೇಳ್ತಾರೆ, "ಪಹಣಿ ಹೇಗಿದ್ರೂ ಭೂಮಿ ವೆಬ್‌ಸೈಟಲ್ಲಿ ಯಾರು ಬೇಕಾದ್ರೂ ನೋಡ್ತಾರೆ, ಮುಚ್ಚಿಡೋದೇನು?" ಸರಿ. ಆದರೆ ಪಹಣಿಯಲ್ಲಿ ನಿಮ್ಮ ಮೊಬೈಲ್ ನಂಬರ್ ಇಲ್ಲ, ನಿಮ್ಮ ಬೆಳೆಗೆ ರೋಗ ಬಿದ್ದದ್ದು ಇಲ್ಲ, ಕೈಯಲ್ಲಿ ದುಡ್ಡಿಲ್ಲ ಅನ್ನೋದೂ ಇಲ್ಲ. ಇವನ್ನೆಲ್ಲ ಸರ್ವೆ ನಂಬರಿಗೆ ಜೋಡಿಸಿ ಕೊಡೋರು ನಾವೇ. ಯಾರಿಗೆ ಯಾವಾಗ ಸಾಲದ ಅವಸರ, ಯಾರ ಮಾಲು ಯಾವಾಗ ಬರುತ್ತೆ ಅಂತ ಮೊದಲೇ ಗೊತ್ತಿದ್ದವನ ಮುಂದೆ ಚೌಕಾಶಿ ಮಾಡೋದು ಕಷ್ಟ. ಮೋಸಗಾರನಿಗಂತೂ ಇಷ್ಟು ಸಾಕು. ಪಿಎಂ ಕಿಸಾನ್ ಹೆಸರಿನ ನಕಲಿ ಎಪಿಕೆ ಫೈಲುಗಳು ವಾಟ್ಸಾಪ್‌ನಲ್ಲಿ ಹರಿದಾಡಿದ್ದು ನಿಮಗೆ ಗೊತ್ತೇ ಇದೆ. ನಿಮ್ಮ ಹೆಸರು, ಊರು, ಬೆಳೆ ಸರಿಯಾಗಿ ಹೇಳಿ ಮಾತಾಡಿಸಿದರೆ ಎಂಥವರೂ ನಂಬ್ತಾರೆ.

ಕಾನೂನು ನಿಮ್ಮ ಕಡೆ ಇದೆ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ಉದಾಹರಣೆ ಕೊಟ್ಟಿದ್ದಾರೆ. ವೈದ್ಯರ ಸಲಹೆ ಕೊಡುವ ಆ್ಯಪ್ ಒಂದು ನಿಮ್ಮ ಕಾಂಟ್ಯಾಕ್ಟ್ ಲಿಸ್ಟ್ ಕೇಳಿತು, ನೀವು ಹೂಂ ಅಂದಿರಿ ಅಂತಿಟ್ಕೊಳ್ಳಿ. ಚಿಕಿತ್ಸೆಯ ಸಲಹೆಗೆ ಕಾಂಟ್ಯಾಕ್ಟ್ ಲಿಸ್ಟ್ ಬೇಕಿಲ್ಲ, ಆದ್ದರಿಂದ ಆ ಒಪ್ಪಿಗೆ ಅದಕ್ಕೆ ಅನ್ವಯಿಸಲ್ಲ ಅನ್ನುತ್ತೆ ಕಾಯ್ದೆ. ಬೆಳೆ ಸಲಹೆಗೂ ಇದೇ ನ್ಯಾಯ. ಒಪ್ಪಿಗೆ ಕೇಳುವ ನೋಟಿಸನ್ನ ಕನ್ನಡದಲ್ಲಿ ಓದುವ ಹಕ್ಕು, ಕೊಟ್ಟ ಒಪ್ಪಿಗೆ ವಾಪಸ್ ಪಡೆಯುವ ಹಕ್ಕು, ಮಾಹಿತಿ ಅಳಿಸಿ ಅಂತ ಕೇಳುವ ಹಕ್ಕು ಇದರಲ್ಲಿವೆ. ನಿಯಮಗಳು ಹೊರಬಿದ್ದಿದ್ದು 2025ರ ನವೆಂಬರಿನಲ್ಲಿ. ಮುಖ್ಯ ಅಂಶಗಳನ್ನ ಪಾಲಿಸೋಕೆ ಕಂಪನಿಗಳಿಗೆ 18 ತಿಂಗಳ ಗಡುವು ಇದೆ. ಅಲ್ಲಿಯವರೆಗೆ ನಮ್ಮ ಬೇಲಿ ನಾವೇ ಹಾಕ್ಕೋಬೇಕು.

ಈ ವಾರ ಇಷ್ಟು ಮಾಡಿ

1. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರೊಳಗೆ ಪರ್ಮಿಷನ್ಸ್ ತೆಗೆಯಿರಿ. ಬೆಳೆ ಆ್ಯಪ್‌ಗೆ ಕಾಂಟ್ಯಾಕ್ಟ್, ಮೈಕ್, ಎಸ್ಸೆಮ್ಮೆಸ್ ಬಂದ್ ಮಾಡಿ. ಹವಾಮಾನಕ್ಕೆ ಬೇಕಿದ್ದರೆ ಲೊಕೇಶನ್ ಅನ್ನ "ಬಳಸುವಾಗ ಮಾತ್ರ" ಅಂತ ಇಡಿ.

2. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಟ್ಯಾಗ್ ಆಫ್ ಮಾಡಿ. ಇಲ್ಲದಿದ್ದರೆ ಫೋಟೋ ಜೊತೆಗೇ ಹೊಲದ ಜಾಗವೂ ಹೋಗಬಹುದು.

3. ರೋಗದ ಸಲಹೆಗೆ ಆಧಾರ್, ಎಫ್‌ಐಡಿ, ಬ್ಯಾಂಕ್ ಪಾಸ್‌ಬುಕ್ ಯಾರು ಕೇಳಿದರೂ ಕೊಡಬೇಡಿ. ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಫೈಲ್ ಒತ್ತಬೇಡಿ. ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

4. ರೋಗ ಕಂಡರೆ ಮೊದಲು ಎಲೆ ತಿರುವಿ ನೋಡಿ. ಹೊಲದ ಬೇರೆ ಬೇರೆ ಕಡೆಯ ನಾಲ್ಕೈದು ಗಿಡ ನೋಡಿ. ಒಂದು ಭೂತಗನ್ನಡಿ ಜೇಬಲ್ಲಿರಲಿ, ತಪ್ಪು ಔಷಧಿಯ ಒಂದು ಡಬ್ಬಿಗಿಂತ ಅದು ಅಗ್ಗ.

5. ಗಿಡದ ಸಮೇತ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ. ಹೋಗೋಕೆ ಆಗದಿದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551. ಕರೆ ಉಚಿತ, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ಕನ್ನಡದಲ್ಲೇ ಮಾತಾಡಬಹುದು.

6. ಡಬ್ಬಿ ಮೇಲಿನ ಲೇಬಲ್ ಓದಿ. ನಿಮ್ಮ ಬೆಳೆಯ ಹೆಸರು, ಕೀಟದ ಹೆಸರು, ಪ್ರಮಾಣ, ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಇವಿಷ್ಟು ನೋಡಿ. ನಿಮ್ಮ ಬೆಳೆಯ ಹೆಸರೇ ಇಲ್ಲದಿದ್ದರೆ ಎಷ್ಟು ಲೈಕ್ ಇದ್ದರೂ ಹೊಡೀಬೇಡಿ.

7. ಆ್ಯಪ್‌ನಲ್ಲಿ ಕೇಳಿದ ಸಲಹೆ ಬಳಸಿದ್ದರೆ ಹತ್ತು ದಿನ ಬಿಟ್ಟು ಅಲ್ಲೇ ಫಲಿತಾಂಶ ಬರೆಯಿರಿ. ನಾಟಿದರೆ ನಾಟಿತು, ಇಲ್ಲದಿದ್ದರೆ ಇಲ್ಲ. ನಿಮ್ಮ ಹಿಂದೆ ಬರುವ ಇನ್ನೊಬ್ಬ ರೈತನಿಗೆ ನೂರು ಲೈಕಿಗಿಂತ ಆ ಒಂದು ಸಾಲು ಉಪಯೋಗಕ್ಕೆ ಬರುತ್ತೆ.